ಹದಿನಾರು ಒಂಟಿ ತಂತಿಗಳು

ಕಲ್ಕತ್ತೆಯ ಕಸ್ಬಾದಲ್ಲಿ ನೆಲದ ಮೇಲಿನ ದಾರಿ ಬೇಕಾದರೆ ರಿಕ್ಷಾದವನನ್ನು ಕೇಳಬೇಕು, ನೆಲದ ಕೆಳಗಿನ ದಾರಿ ಬೇಕಾದರೆ ಕಲ್ಲಪ್ಪನನ್ನು ಕೇಳಬೇಕು. ಅಲ್ಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದು ವರ್ಷಗಟ್ಟಲೆ ನಡೆದುಬಂದ ಮಾತು. ಯಾವ ಗಲ್ಲಿಯ ಕೆಳಗೆ ಯಾವ ಕೇಬಲ್ ಮಲಗಿದೆ, ಅದಕ್ಕೆ ಎಲ್ಲಿ ನೀರು ಇಳಿಯುತ್ತದೆ, ಯಾವ ಚಹಾದಂಗಡಿಯ ಬೆಂಚು ಸರಿಸಿದರೆ ಗುಂಡಿಯ ಮುಚ್ಚಳ ಸಿಗುತ್ತದೆ, ಎಲ್ಲವೂ ಅವನಿಗೆ ಗೊತ್ತು.

ಗದಗಿನ ಕಡೆಯವನು. ಸೈನ್ಯದ ಸಿಗ್ನಲ್ಸ್ ದಳದಲ್ಲಿ ಹನ್ನೆರಡು ವರ್ಷ ತಂತಿ ಎಳೆದು, ಕೊನೆಯ ಪೋಸ್ಟಿಂಗ್ ಕಲ್ಕತ್ತೆಯಲ್ಲಿ ಮುಗಿದಾಗ ಊರಿಗೆ ಹೋಗದೆ, ಎಂಬತ್ತನೇ ಇಸವಿಯಲ್ಲಿ ಇಲ್ಲಿಯ ಟೆಲಿಫೋನ್ ಇಲಾಖೆಯಲ್ಲೇ ಜಾಯಿಂಟರ್ ಆಗಿ ಸೇರಿಕೊಂಡ. ಜಾಯಿಂಟರ್ ಎಂದರೆ ಕಡಿದುಹೋದ ಕೇಬಲ್ಲಿನ ತಂತಿಗಳನ್ನು ಒಂದೊಂದಾಗಿ ಕೂಡಿಸುವವನು. ಇಪ್ಪತ್ತೇಳು ವರ್ಷದಲ್ಲಿ ಅವನು ಬಂಗಾಳಿ ಕಲಿತ, ಆದರೆ ಆ ಬಂಗಾಳಿಯೂ ಧಾರವಾಡದ್ದೇ.

ಅವನ ಎರಡು ಹಟಗಳು ಎಕ್ಸ್‌ಚೇಂಜಿನಲ್ಲಿ ಹೆಸರಾಗಿದ್ದವು. ಮಾಡಿದ ಪ್ರತಿ ಜಾಯಿಂಟಿನ ವಿವರವನ್ನು ಕಿಸೆಯ ಡೈರಿಯಲ್ಲಿ ಬರೆದಿಡುತ್ತಿದ್ದ, ಅದೂ ಕನ್ನಡದಲ್ಲೇ. ಬಂಗಾಳಿ ಗೆಳೆಯರು ಆ ಅಕ್ಷರಗಳನ್ನು ನೋಡಿ "ಇದೇನು ಬರಹವೋ ಜಿಲೇಬಿಯೋ" ಎಂದು ನಗುತ್ತಿದ್ದರು. ಇನ್ನೊಂದು, ಸೆಪ್ಟೆಂಬರ್ ಹದಿನೇಳರ ವಿಶ್ವಕರ್ಮ ಪೂಜೆಯದು. ಅವತ್ತು ಉಳಿದವರೆಲ್ಲ ಇಕ್ಕಳ, ಚಾಕು, ಸುತ್ತಿಗೆಗಳನ್ನು ಮೂರ್ತಿಯ ಮುಂದೆ ಇಟ್ಟು ಮುಟ್ಟದೆ ಬಿಟ್ಟರೆ, ಕಲ್ಲಪ್ಪ ಪ್ರಸಾದದ ಖಿಚುಡಿ ತಿಂದು ತನ್ನ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಅವನ ಹತ್ಯಾರಗಳಿಗೆ ಪೂಜೆ ಮಹಾನವಮಿಯ ದಿನ, ಮನೆಯಲ್ಲಿ, ಹೆಂಡತಿ ಚನ್ನಮ್ಮನ ಕೈಯಿಂದ. "ಎರಡೆರಡು ಸಲ ಪೂಜಿ ಮಾಡಿದ್ರ ಇಕ್ಕಳಕ್ಕ ಸೊಕ್ಕ ಬರ್ತೈತಿ" ಎನ್ನುತ್ತಿದ್ದ.

ಅವನ ಮನೆಯ ಗೋಡೆಯ ಮೇಲೆ, ಬಸವಣ್ಣನ ಪಟದ ಪಕ್ಕ, ಕಟ್ಟು ಹಾಕಿಸಿದ ಒಂದು ಪ್ರಶಸ್ತಿಪತ್ರವಿತ್ತು. ಎಂಬತ್ತಾರರ ದುರ್ಗಾಪೂಜೆಗೆ ಮುಂಚೆ ಕಲ್ಕತ್ತೆ ಮಳೆಯಲ್ಲಿ ಮುಳುಗಿದಾಗ ಬೋಸ್‌ಪುಕುರದ ಗಲ್ಲಿಯ ಫೋನುಗಳೆಲ್ಲ ಸತ್ತುಹೋಗಿದ್ದವು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮೂರೇ ದಿನದಲ್ಲಿ ಅವುಗಳಿಗೆ ಜೀವ ಕೊಟ್ಟವನು ಕಲ್ಲಪ್ಪ. ಅದಕ್ಕೆ ಜನರಲ್ ಮ್ಯಾನೇಜರ್ ಸಾಹೇಬರು ಸಹಿ ಮಾಡಿ ಕೊಟ್ಟ ಕಾಗದ ಅದು. ಮನೆಗೆ ಬಂದವರು ಅದನ್ನು ಓದದೆ ಚಹಾ ಕುಡಿಯುವಂತಿರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಲೋಕದ ವ್ಯಾಪಾರವೇ ಕಲಸುಮೇಲೋಗರವಾಗಿತ್ತು. ಟಿ.ವಿ. ಕೇಬಲ್ ಎಳೆಯುತ್ತಿದ್ದವನು ಇಂಟರ್‌ನೆಟ್ ಕೊಡುತ್ತೇನೆಂದು ಹೊರಟ. ಮೊಬೈಲ್ ಕಂಪನಿ ಹಾಡು ಮಾರತೊಡಗಿತು. ಇತ್ತ ಟೆಲಿಫೋನಿನವರಿಗೆ ಟಿ.ವಿ. ತೋರಿಸುವ ಹುರುಪು. ಹಾಲಿನವನು ಪೇಪರ್ ಹಾಕುವ, ಪೇಪರಿನವನು ಹಾಲು ಹಾಕುವ ಕಾಲ ಬಂತಲ್ಲ ಎಂದು ಕಲ್ಲಪ್ಪ ನಕ್ಕ. ಆ ನಗು ಬಹಳ ದಿನ ಉಳಿಯಲಿಲ್ಲ. ಜನ ಮೊಬೈಲ್ ಕೊಂಡು ಮನೆಯ ಫೋನನ್ನು ವಾಪಸು ಕೊಡುತ್ತಿದ್ದರು, ಎಕ್ಸ್‌ಚೇಂಜಿನಲ್ಲಿ ಆ ಅರ್ಜಿಗಳದೇ ಒಂದು ಗುಡ್ಡೆ.

ಆಗಸ್ಟಿನಲ್ಲಿ ವಿಭಾಗದ ಇಂಜಿನಿಯರ್ ಘೋಷಾಲ್ ಸಾಹೇಬರು ಹನ್ನೊಂದು ಜನ ಜಾಯಿಂಟರುಗಳನ್ನು ಕರೆದು ನೇರವಾಗಿ ಹೇಳಿಬಿಟ್ಟರು. "ಬೋಸ್‌ಪುಕುರದ ಒಂದು ಕಟ್ಟಡ, ಇಪ್ಪತ್ತು ಮನೆ. ಒಂದೇ ತಂತಿಯಲ್ಲಿ ಫೋನು, ಇಂಟರ್‌ನೆಟ್, ಟಿ.ವಿ. ಮೂರೂ ಓಡಬೇಕು. ಸೆಪ್ಟೆಂಬರ್ ಹದಿನೆಂಟಕ್ಕೆ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ಓಡಿದರೆ ಕಸ್ಬಾದ ಈ ತಾಮ್ರದ ತಂತಿ ಉಳಿಯುತ್ತೆ. ಓಡದಿದ್ದರೆ ತಾಮ್ರ ಸತ್ತಿದೆ ಅಂತ ಬರೆದು, ಮನೆಗಳನ್ನೆಲ್ಲ ಹೊರಗಿನ ಕೇಬಲ್ ಕಂಪನಿಗೆ ಒಪ್ಪಿಸ್ತಾರೆ. ನಿಮ್ಮನ್ನು ಒಬ್ಬೊಬ್ಬರನ್ನು ಒಂದೊಂದು ಜಿಲ್ಲೆಗೆ ಕಳಿಸ್ತಾರೆ."

ಕಲ್ಲಪ್ಪನಿಗೆ ನಿವೃತ್ತಿಗೆ ಇನ್ನು ಒಂಬತ್ತೇ ತಿಂಗಳು. ಯಾವ ಜಿಲ್ಲೆಗೆ ಹಾಕಿದರೂ ಅವನಿಗೆ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಇಪ್ಪತ್ತೇಳು ವರ್ಷ ಕೆಸರಿನಲ್ಲಿ ಕೂತು ಕೂಡಿಸಿದ ತಂತಿಗಳನ್ನು ಯಾರೋ ಒಂದು ಸಾಲು ಬರೆದು ಸತ್ತವು ಎಂದುಬಿಟ್ಟರೆ ತನ್ನ ಆಯುಷ್ಯವೇ ಗುಜರಿಗೆ ಹೋದಂತೆ.

ಟಿ.ವಿ. ಓಡಿಸುವ ಯಂತ್ರಗಳನ್ನು ಕಂಪ್ಯೂಟರ್ ಕಂಪನಿಗಳ ಬಡಾವಣೆ ಸೆಕ್ಟರ್ ಫೈವ್‌ನ ಒಂದು ಕಂಪನಿ ತಂದಿತು. ಅವುಗಳ ಜೊತೆ ಬಂದ ಇಂಜಿನಿಯರ್ ವಿನಯ, ಬೆಂಗಳೂರಿನ ಹುಡುಗ, ಇಪ್ಪತ್ತಾರು ವಯಸ್ಸು. ಕಲ್ಲಪ್ಪ ಗುಂಡಿಯೊಳಗೆ ಕೂತು "ಹಾಳಾದ ಇಲಿ, ಮತ್ತ ಕಡದೈತಿ" ಎಂದು ಬೈಯುವುದನ್ನು ಕೇಳಿ ಅವನು ಬೆರಗಾಗಿ ಬಗ್ಗಿ ನೋಡಿದ. "ಸಾರ್, ನೀವು ಕನ್ನಡದೋರಾ?" ಅವತ್ತಿನಿಂದ ಅವನ ಮಧ್ಯಾಹ್ನದ ಊಟ ಚನ್ನಮ್ಮನ ರೊಟ್ಟಿ, ಎಣ್ಣೆಗಾಯಿ. ವಾರದೊಳಗೆ ಸಾರ್ ಹೋಗಿ ಕಾಕಾ ಆಯಿತು.

ಯಂತ್ರ ಕೂತಿತು, ಮನೆಮನೆಗೆ ಟಿ.ವಿ.ಗೆ ಹಚ್ಚುವ ಡಬ್ಬಿ ಬಂತು. ಹನ್ನೆರಡು ಮನೆಗಳಲ್ಲಿ ಚಿತ್ರ ಕನ್ನಡಿಯಷ್ಟು ಸ್ವಚ್ಛ. ಉಳಿದ ಎಂಟರಲ್ಲಿ ಮಾತ್ರ ವಿಚಿತ್ರ ರೋಗ. ಒಬ್ಬರೇ ಹಾಕಿಕೊಂಡರೆ ಚೆನ್ನಾಗಿಯೇ ಬರುತ್ತದೆ. ಆ ಎಂಟರಲ್ಲಿ ಇನ್ನೊಬ್ಬರು ಹಾಕಿದ ಕೂಡಲೇ ಇಬ್ಬರ ಪರದೆಯೂ ಚೂರುಚೂರಾಗಿ ಒಡೆಯುತ್ತದೆ. ವಿನಯ ಮೀಟರು ಹಚ್ಚಿದ. ತಂತಿ ಕಡಿದಿಲ್ಲ, ನೀರು ಕುಡಿದಿಲ್ಲ, ಎಲ್ಲ ಲೆಕ್ಕವೂ ಸರಿ. ಹತ್ತು ದಿನ ತಲೆ ಕೆಡಿಸಿಕೊಂಡು ಕೊನೆಗೆ ಕೈಚೆಲ್ಲಿದ. "ಕಾಕಾ, ನಂಗಂತೂ ಗೊತ್ತಾಗ್ತಿಲ್ಲ. ಕೇಬಲ್ಲೇ ಹಳೇದು ಅಂತ ರಿಪೋರ್ಟ್ ಕೊಡೋದೊಂದೇ ಉಳಿದಿರೋದು." ಹೊಸ ಕೇಬಲ್ ಹಾಕಲು ರಸ್ತೆ ಅಗೆಯಬೇಕು, ದುರ್ಗಾಪೂಜೆಯ ಮುಂಚೆ ಕಲ್ಕತ್ತೆಯಲ್ಲಿ ರಸ್ತೆ ಅಗೆಯಲು ದೇವರು ಬಂದರೂ ಅನುಮತಿ ಸಿಗುವುದಿಲ್ಲ.

ಹದಿನಾರನೇ ತಾರೀಖು, ಭಾನುವಾರ ಬೆಳಿಗ್ಗೆ, ಇಬ್ಬರೂ ಕೊನೆಯ ಸಲ ಆ ಕಟ್ಟಡಕ್ಕೆ ಹೋದರು. ಎರಡನೇ ಮಹಡಿಯಲ್ಲಿ ಮೃಣಾಲಿನಿ ಎಂಬ ಎಪ್ಪತ್ತು ದಾಟಿದ ಮುದುಕಿ ಒಬ್ಬರೇ ಇರುತ್ತಿದ್ದರು. ಗಲ್ಲಿಗೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ. ಅವರ ಮನೆಯೂ ರೋಗ ಹಿಡಿದ ಎಂಟರಲ್ಲಿ ಒಂದು.

"ತಂತಿ ಹಳೇದಾಗಿದೆ ಮಾಶಿಮಾ" ಎಂದು ವಿನಯ ಹಿಂದಿಯಲ್ಲಿ ಸಮಜಾಯಿಷಿ ಹೇಳಿದ.

ಮಾಶಿಮಾ ಒಪ್ಪಲಿಲ್ಲ. "ತಂತಿಗೇನಾಗಿದೆ ಬಾಬಾ? ಎಷ್ಟು ಚೆನ್ನಾಗಿ ಕೇಳಿಸುತ್ತೆ! ನನ್ನ ಫೋನ್ ಎತ್ತಿದರೆ ನಾಲ್ಕನೇ ಮಹಡಿಯ ದತ್ತರ ಸೊಸೆ ಅವಳಮ್ಮನ ಹತ್ತಿರ ಏನೇನು ದೂರು ಹೇಳ್ತಾಳೆ ಅನ್ನೋದೂ ಮೆಲ್ಲಗೆ ಕೇಳಿಸುತ್ತೆ."

ಕಲ್ಲಪ್ಪ ಥಟ್ಟನೆ ತಿರುಗಿದ. "ಯಾವಾಗಿಂದ ಕೇಳಸ್ತೈತ್ರಿ ಮಾಶಿಮಾ?"

"ಆ ದೊಡ್ಡ ಮಳೆ ಬಂದಿತ್ತಲ್ಲ, ಪೂಜೆಗೆ ಮುಂಚೆ, ಆವತ್ತಿನಿಂದ. ಮೊದಲು ಅತ್ತೆಯ ಮಾತು ಕೇಳಿಸ್ತಿತ್ತು. ಆಮೇಲೆ ಸೊಸೆ ಬಂದಳು, ಈಗ ಅವಳದು."

ವಿನಯ ನಕ್ಕ. ಕಲ್ಲಪ್ಪ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಲಪ್ಪನ ಕೈ ತಾನಾಗಿಯೇ ಡೈರಿ ಇಡುವ ಕಿಸೆಗೆ ಹೋಯಿತು. ತಲೆನೋವೆಂದು ಹೇಳಿ ಮನೆಗೆ ಬಂದವನೇ ಮಂಚದ ಕೆಳಗಿನ ಟ್ರಂಕು ಎಳೆದ.

ಎಂಬತ್ತಾರರ ಡೈರಿ ತಳದಲ್ಲಿತ್ತು. ಅವನದೇ ಅಕ್ಷರ: "ಬೋಸಪುಕುರ ಗಲ್ಲಿ, ಚಹಾದಂಗಡಿ ಮುಂದಿನ ಗುಂಡಿ. ಐವತ್ತು ಜೋಡಿ ಕೇಬಲ್. ಹದಿನಾರು ಜೋಡಿಯೊಳಗ ಒಂದೊಂದು ತಂತಿ ಸತ್ತಾವ. ಉಳದ ಹದಿನಾರು ಒಂಟಿ ತಂತಿ ಕೂಡಿಸಿ ಎಂಟು ಜೋಡಿ ಮಾಡೀನಿ. ಸದ್ಯಕ್ಕ. ಮಳಿ ನಿಂತ ಮ್ಯಾಲೆ ಸರಿ ಮಾಡಬೇಕು." ಅದರ ಕೆಳಗೆ ಯಾವ ಜೋಡಿ ಕೆಟ್ಟದ್ದು, ಯಾವುದು ಗಟ್ಟಿ ಎಂಬ ಪಟ್ಟಿ.

ಒಂದು ಫೋನಿಗೆ ಎರಡು ತಂತಿ ಬೇಕು. ಆ ಎರಡೂ ದಾರಿಯುದ್ದಕ್ಕೂ ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತವೆ. ಆ ಹೆಣಿಗೆಯಿಂದಲೇ ಅವುಗಳ ಮಾತು ಪಕ್ಕದವರಿಗೆ ಸೋರುವುದಿಲ್ಲ. ಕಲ್ಲಪ್ಪ ಆವತ್ತು ಮಾಡಿದ್ದೇನು? ಇವಳ ಗಂಡನನ್ನು ತಂದು ಅವಳ ಪಕ್ಕ ಕೂರಿಸಿ, ಸಂಸಾರ ನಡೆಯುತ್ತದೆ ಬಿಡಿ ಎಂದಿದ್ದ. ನಡೆಯಿತು ಕೂಡ. ಬರಿಯ ಮಾತಿಗೆ ಅಷ್ಟು ಸಾಕು, ಪಕ್ಕದ ಮನೆಯ ಪಿಸುಮಾತು ಒಂದಿಷ್ಟು ಕೇಳಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಟಿ.ವಿ.ಯ ಚಿತ್ರಕ್ಕೆ ಆ ಸಡಿಲು ನಡೆಯುವುದಿಲ್ಲ. ಎಂಟು ಹುಸಿ ಜೋಡಿಗಳೂ ಒಂದರ ಚಿತ್ರ ಒಂದಕ್ಕೆ ಚೆಲ್ಲುತ್ತಿದ್ದವು. ಮಳೆ ನಿಂತಿತ್ತು, ಪ್ರಶಸ್ತಿಪತ್ರ ಬಂದಿತ್ತು, ಸರಿ ಮಾಡುವುದು ಮರೆತೇ ಹೋಗಿತ್ತು.

ಚನ್ನಮ್ಮನ ಮುಂದೆ ಎಲ್ಲ ಹೇಳಿದ. "ಇದನ್ನ ಹೇಳಿದ್ರ ಆ ಕಾಗದದ ಮರ್ಯಾದಿ ಏನ್ ಉಳೀತೈತಿ? ಒಂಬತ್ತು ತಿಂಗಳು ಸುಮ್ಮ ಇದ್ರ ಮರ್ಯಾದಿಯಿಂದ ಮನಿಗೆ ಬರ್ತೀನಿ."

ಚನ್ನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕಾಗದ ಗ್ವಾಡಿ ಮ್ಯಾಲಿಂದು. ಅದನ್ನ ವಾರಾ ವಾರಾ ನಾನ ಒರಸ್ತೀನಿ, ನನಗ ಗೊತ್ತೈತಿ ಅದರ ಬೆಲಿ. ತಂತಿ ಸತ್ತೈತಿ ಅಂತ ಅವ್ರು ಬರದ್ರ ನಿಮಗ ಉಂಡ ಅನ್ನ ಮೈಗೆ ಹತ್ತೂದಿಲ್ಲ. ಯಾವದು ಉಳೀಬೇಕು ಅನ್ನೂದು ನೀವ ನೋಡ್ರಿ."

ಮರುದಿನ ವಿಶ್ವಕರ್ಮ ಪೂಜೆ. ಎಕ್ಸ್‌ಚೇಂಜಿನ ಅಂಗಳದಲ್ಲಿ ಮೂರ್ತಿ, ಅದರ ಮುಂದೆ ಹತ್ತು ಜನರ ಹತ್ಯಾರಗಳು ಕುಂಕುಮ ಹಚ್ಚಿಕೊಂಡು ಕೂತಿದ್ದವು. ಆಕಾಶದ ತುಂಬ ಗಾಳಿಪಟ. ಕಲ್ಲಪ್ಪ ಎಲ್ಲರ ಎದುರಿಗೆ, ಘೋಷಾಲ್ ಸಾಹೇಬರ ಕೈಯಲ್ಲಿ ಪ್ರಸಾದದ ತಟ್ಟೆ ಇದ್ದಾಗಲೇ, ಡೈರಿ ಬಿಚ್ಚಿ ಹೇಳಿದ. ಹೇಳುವಾಗ ಅವನ ಕಿವಿ ಕೆಂಪಾಗಿತ್ತು. "ಸಾಹೇಬ್ರ, ತಾಮ್ರ ಸತ್ತಿಲ್ರೀ. ನಾನ ಕೆಡಿಸೀನಿ. ಪ್ರಶಸ್ತಿ ಕೊಟ್ರಲ್ಲ, ಅದ ಕೆಲಸ."

ಘೋಷಾಲ್ ಸಾಹೇಬರು ತಟ್ಟೆ ಕೆಳಗಿಟ್ಟರು. "ಸರಿಪಡಿಸೋಕಾಗುತ್ತಾ?"

"ಆಗತೈತ್ರಿ. ಜನ ಮೊಬೈಲ್ ತಗೊಂಡು ಫೋನ್ ವಾಪಸ್ ಕೊಟ್ಟಾರಲ್ಲ, ಅವ್ರ ಗಟ್ಟಿ ಜೋಡಿ ಕೇಬಲ್‌ನ್ಯಾಗ ಖಾಲಿ ಬಿದ್ದಾವ. ಈ ಎಂಟು ಮನಿ ಅವಕ್ಕ ಕೂಡಿಸಿದ್ರ ಆತು. ಯಾವು ಗಟ್ಟಿ ಅನ್ನೂದು ಇದ್ರಾಗ ಬರದೀನಿ."

"ನಾಳೆ ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಬರ್ತಾರೆ. ಇವತ್ತು ಪೂಜೆ. ಯಾರು ಹತ್ಯಾರ ಮುಟ್ತಾರೆ?"

ಜಾಯಿಂಟರುಗಳು ನೆಲ ನೋಡಿದರು. ಪೂಜೆಗೆ ಕೂತ ಹತ್ಯಾರವನ್ನು ಎತ್ತುವುದೆಂದರೆ ವರ್ಷವಿಡೀ ಕೈಗೆ ಗಾಯ ಎಂಬ ನಂಬಿಕೆ ಅವರದು. ಕಲ್ಲಪ್ಪ ಹೆಗಲಿನ ಚೀಲ ತಟ್ಟಿದ. "ವಿಶ್ವಕರ್ಮ ನಿಮ್ಮ ಹತ್ಯಾರಕ್ಕ ರಜಾ ಕೊಟ್ಟಾನ. ನಮ್ಮ ಮಹಾನವಮಿ ಇನ್ನ ಒಂದು ತಿಂಗಳ ಐತಿ. ನನ್ನವು ಇವತ್ತ ಡ್ಯೂಟಿ ಮ್ಯಾಲೆ ಅದಾವ!"

ಇಪ್ಪತ್ತೇಳು ವರ್ಷ ಯಾವ ಹಟಕ್ಕೆ ಅವನನ್ನು ಛೇಡಿಸಿದ್ದರೋ ಅದೇ ಹಟ ಇವತ್ತು ಎಲ್ಲರ ಮಾನ ಕಾಯಲು ಹೊರಟಿತು. ಅವನು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಡಬಡಬ ಸದ್ದು. ಹತ್ತೂ ಜನ ಬಕೆಟ್ ಹಿಡಿದು ಬರುತ್ತಿದ್ದರು. ಅವರಲ್ಲಿ ಹಿರಿಯನೊಬ್ಬ ಗಂಭೀರವಾಗಿ ತೀರ್ಪು ಕೊಟ್ಟ: "ಬಕೆಟ್ ಹತ್ಯಾರವಲ್ಲ."

ಬಕೆಟ್‌ಗಳು ಗುಂಡಿಯ ನೀರು ಬಳಿದವು, ನಾಲ್ಕು ಕೈಗಳು ಮೇಲೆ ತಾಡಪಾಲು ಹಿಡಿದವು. ಕಲ್ಲಪ್ಪ ಒಳಗೆ ಕೂತು ಜಾಯಿಂಟಿನ ಸೀಸದ ಕವಚ ಸೀಳಿದ. ಒಳಗೆ ಕಾಗದ ಸುತ್ತಿದ ನೂರು ತಂತಿಗಳು, ಎಲ್ಲವೂ ಒಂದೇ ಬಣ್ಣ. ಬೇರೆ ಯಾರೇ ಆಗಿದ್ದರೂ ಅಲ್ಲಿಂದಲೇ ಮುಚ್ಚಳ ಹಾಕಿ ಎದ್ದು ಹೋಗುತ್ತಿದ್ದರು. ಕಲ್ಲಪ್ಪನಿಗೆ ಅವು ತನ್ನ ಮೂವತ್ತೆಂಟನೇ ವಯಸ್ಸಿನ ಕೈಗಳಂತೆ ಕಂಡವು. ಮೂರು ಸುತ್ತು, ಕೊನೆಗೆ ಎಡಕ್ಕೊಂದು ಮಡಿಕೆ, ಅವನದೇ ಗಂಟು. ಕಣ್ಣು ಒದ್ದೆಯಾಯಿತು. ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕೇಬಲ್ಲಿನ ಇನ್ನೊಂದು ತುದಿ ಗಲ್ಲಿಯ ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅಲ್ಲಿ ವಿನಯ, ಒಂದು ಕೈಯಲ್ಲಿ ಡೈರಿ, ಇನ್ನೊಂದರಲ್ಲಿ ಮೊಬೈಲ್. ಆ ಜಿಲೇಬಿ ಅಕ್ಷರ ಓದಬಲ್ಲ ಇನ್ನೊಬ್ಬ ಇಡೀ ಕಸ್ಬಾದಲ್ಲಿ ಇರಲಿಲ್ಲ.

"ಕಾಕಾ, ಹದಿನೇಳನೇ ಜೋಡಿ ಗಟ್ಟಿ ಅಂತಿದೆ. ಆ ಮನೆಯೋರು ಫೋನ್ ವಾಪಸ್ ಕೊಟ್ಟಿದ್ದಾರೆ."

"ಹಚ್ಚಿ ನೋಡು."

"ಬಂತು ಕಾಕಾ! ಮುಂದೆ ಇಪ್ಪತ್ತೆರಡು."

ಖಾಲಿ ಬಿದ್ದ ಗಟ್ಟಿ ಜೋಡಿಗಳು ಡೈರಿಯ ಪ್ರಕಾರ ಹನ್ನೊಂದು. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಎರಡು ಕೈಕೊಟ್ಟವು, ಮೂರು ಗಂಟೆಗೆ ಇನ್ನೊಂದು. ಉಳಿದದ್ದು ಸರಿಯಾಗಿ ಎಂಟು. ಇನ್ನೊಂದು ಹೋದರೆ ಏಳು ಮನೆ, ಏಳು ಎಂದರೆ ಸೋಲು. ಮೇಲೆ ಬಕೆಟ್ ಹಿಡಿದವರೂ ಗುಂಡಿಯ ಅಂಚಿಗೆ ಬಂದು ಬಗ್ಗಿದರು. ಚನ್ನಮ್ಮ ಬುತ್ತಿ ತಂದವಳು ಬುತ್ತಿ ಬಿಚ್ಚದೆ ಚಹಾದಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಕೊನೆಯದು ನಲವತ್ತೊಂದನೇ ಜೋಡಿ. ಕಲ್ಲಪ್ಪ ಮೂರು ಸುತ್ತು ಸುತ್ತಿದ, ಎಡಕ್ಕೆ ಮಡಿಚಿದ.

ವಿನಯ ಫೋನು ಮರೆತು ಗಲ್ಲಿಯ ಮೂಲೆಯಿಂದಲೇ ಕೂಗಿದ. "ಬಂತು ಕಾಕೋ!" ಬಕೆಟ್‌ಗಳನ್ನೆಲ್ಲ ಡೋಲಿನಂತೆ ಬಡಿದ ಸದ್ದಿಗೆ ಮಹಡಿಗಳಲ್ಲಿ ಗಾಳಿಪಟ ಹಾರಿಸುತ್ತಿದ್ದವರು ಬಗ್ಗಿ ನೋಡಿದರು.

ಮಂಗಳವಾರ ಹತ್ತಕ್ಕೆ ದೊಡ್ಡ ಸಾಹೇಬರು ಬಂದರು. ಮಾಶಿಮಾ ಅವರ ಮನೆಯಲ್ಲಿ ಟಿ.ವಿ. ನೋಡಿದರು, ಕಂಪ್ಯೂಟರ್ ನೋಡಿದರು, ತಲೆಯಾಡಿಸಿ ಹೊರಡಲು ಎದ್ದರು. ಬಾಗಿಲಲ್ಲಿ ಕಲ್ಲಪ್ಪ ನಿಂತಿದ್ದ. "ಒಂದ ಮನಿ ನೋಡಿ ಹೋಗಬ್ಯಾಡ್ರಿ ಸಾಹೇಬ್ರ. ಇಪ್ಪತ್ತೂ ಒಮ್ಮೆಲೆ ಹಾಕಸ್ರಿ."

ಘೋಷಾಲ್ ಸಾಹೇಬರ ಮುಖ ಬಿಳಿಚಿಕೊಂಡಿತು. ವಿನಯ ಮೆಟ್ಟಿಲು ಹತ್ತಿ ಓಡಿದ. ಒಂದೊಂದೇ ಮನೆಯಿಂದ ಟಿ.ವಿ.ಯ ಸದ್ದು ಎದ್ದಿತು. ಒಂದರಲ್ಲಿ ಕ್ರಿಕೆಟ್, ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಸುದ್ದಿ. ಕೊನೆಗೆ ನಾಲ್ಕನೇ ಮಹಡಿಯ ದತ್ತರ ಮನೆಯದು. ಮಾಶಿಮಾ ಅವರ ಪರದೆಯ ಮೇಲೆ ಒಂದು ಚುಕ್ಕಿಯೂ ಅಲುಗಲಿಲ್ಲ.

"ಎಷ್ಟು ವರ್ಷದ ಕೇಬಲ್ ಇದು?" ದೊಡ್ಡ ಸಾಹೇಬರು ಕೇಳಿದರು.

"ನನಗಿಂತ ಸ್ವಲ್ಪ ಸಣ್ಣದ್ರಿ. ಆದ್ರ ಇದಕ್ಕ ಇನ್ನೂ ರಿಟೈರ್ಮೆಂಟ್ ಇಲ್ರಿ" ಎಂದ ಕಲ್ಲಪ್ಪ.

ಸಾಹೇಬರು ನಕ್ಕು, ಅಲ್ಲಿಯೇ ಘೋಷಾಲರಿಗೆ ಕಸ್ಬಾದ ತಾಮ್ರ ಉಳಿಯುತ್ತದೆ ಎಂದು ಬರೆದುಕೊಳ್ಳಲು ಹೇಳಿದರು. ಹನ್ನೊಂದು ಜನರೂ ಇಲ್ಲಿಯೇ. ಕಲ್ಲಪ್ಪನ ಇಪ್ಪತ್ತೇಳು ಡೈರಿಗಳನ್ನು ವಿನಯ ಕಂಪ್ಯೂಟರಿಗೆ ಏರಿಸಬೇಕು, ಉಳಿದ ಒಂಬತ್ತು ತಿಂಗಳು ಕಲ್ಲಪ್ಪ ಬೇರೆ ಎಕ್ಸ್‌ಚೇಂಜಿನವರಿಗೂ ಹುಸಿ ಜೋಡಿ ಹುಡುಕುವುದನ್ನು ಕಲಿಸಬೇಕು. ಕೆಡಿಸಿದವನೇ ಮೇಷ್ಟ್ರಾದ ಎಂದು ಎಕ್ಸ್‌ಚೇಂಜಿನವರು ಆಮೇಲೆ ಬಹಳ ದಿನ ಹೇಳಿಕೊಂಡು ನಕ್ಕರು.

ಎಲ್ಲರೂ ಇಳಿದು ಹೋಗುವಾಗ ಮಾಶಿಮಾ ಫೋನಿನ ರಿಸೀವರ್ ಕಿವಿಗೆ ಒತ್ತಿಕೊಂಡು, ಕಲ್ಲಪ್ಪನನ್ನು ಬಂಗಾಳಿ ಬಾಯಲ್ಲಿ ಕೊಲ್ಲಪ್ಪನಾಗಿಸಿ ಸಿಟ್ಟಿನಿಂದ ಕೂಗಿದರು. "ಏನು ಮಾಡಿಟ್ಟೆ ಕೊಲ್ಲಪ್ಪ? ಟಿ.ವಿ. ಕೊಟ್ಟು ಫೋನ್ ಕೆಡಿಸಿದೆಯಲ್ಲ! ದತ್ತರ ಸೊಸೆಯ ಒಂದು ಮಾತೂ ಕೇಳಿಸ್ತಿಲ್ಲ!" ಮೆಟ್ಟಿಲಿನ ಮೇಲೆ ಕೂತು ಕಲ್ಲಪ್ಪ ನಕ್ಕಷ್ಟು ಆ ಕಟ್ಟಡದಲ್ಲಿ ಯಾರೂ ಎಂದೂ ನಕ್ಕಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವನಿಗೆ ಸಿಕ್ಕ ನಿಜವಾದ ಪ್ರಶಸ್ತಿ ಅದೇ ಇರಬೇಕು.

ಸಂಜೆ ಮನೆಗೆ ಬಂದು, ಟ್ರಂಕಿಗೆ ಸೇರಿಸುವ ಮೊದಲು ಎಂಬತ್ತಾರರ ಡೈರಿಯನ್ನು ಬಿಚ್ಚಿದ. "ಮಳಿ ನಿಂತ ಮ್ಯಾಲೆ ಸರಿ ಮಾಡಬೇಕು" ಎಂಬ ಸಾಲಿನ ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಚನ್ನಮ್ಮ ಲೋಟದಲ್ಲಿ ಚಹಾ ತಂದು ಪಕ್ಕದಲ್ಲಿ ಇಟ್ಟಳು. ಕಲ್ಲಪ್ಪ ಪೆನ್ನು ತೆಗೆದು, ಕೆಲಸ ಮುಗಿದ ನಿನ್ನೆಯ ತಾರೀಖು ಹಾಕಿ ಅಲ್ಲಿ ಬರೆದ: "ಮಳಿ ನಿಂತೈತಿ. ಸರಿ ಮಾಡೀನಿ. ೧೭-೯-೨೦೦೭."